ಮಂಜಿನ ಮೇಲೆ ಬಾತುಕೋಳಿ

ನ್ಯೂಯಾರ್ಕಿನ ನಮ್ಮ ಕಾರ್ಟೂನ್ ಸ್ಟುಡಿಯೊದಲ್ಲಿ ಚಿತ್ರಗಳಿಗೆ ಚಲನೆ ಕೊಡುವವರೆಲ್ಲ ಗಂಡಸರು. ಅವರು ಪೆನ್ಸಿಲ್ಲಿನಲ್ಲಿ ಬರೆದದ್ದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಮಸಿ ತೀಡುವುದು ಹೆಂಗಸರಾದ ನಮ್ಮ ಕೆಲಸ. ಹೆಸ್ಟರ್ ಪಿನ್ಸ್ಕಿ ನನ್ನ ಪಕ್ಕದ ಮೇಜಿನವಳು.

ಆ ಚಳಿಗಾಲ ಒಂದು ಬಾತುಕೋಳಿಯ ಚಿತ್ರದ ಕೆಲಸ ನಡೆಯುತ್ತಿತ್ತು. ಕಳುವಾದ ತನ್ನ ಟೋಪಿಗಾಗಿ ಅದು ಹೆಪ್ಪುಗಟ್ಟಿದ ಕೊಳ ದಾಟಬೇಕು. ಅಷ್ಟರಲ್ಲಿ ಅದನ್ನು ಬರೆಯುತ್ತಿದ್ದ ಇರ್ವಿನ್ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡ. ಯಜಮಾನ ಹಾಫ್ನರ್ ಕೊಳದ ದೃಶ್ಯವನ್ನೇ ಕಿತ್ತುಹಾಕಿ ಎಂದ.

"ನಾನು ಬರೀತೀನಿ," ಅಂದಳು ಹೆಸ್ಟರ್.

"ಮಸಿ ತೀಡೋದೇ ಬೇರೆ, ಪ್ರಾಣಿ ಓಡಿಸೋದೇ ಬೇರೆ, ತಾಯಿ."

"ಶುಕ್ರವಾರದ ತನಕ ಟೈಮ್ ಕೊಡಿ. ಆಗದಿದ್ರೆ ಕಿತ್ತುಹಾಕಿ."

ಅವಳು ಬರೆದ ಹಾಳೆಗಳ ಮೊದಲ ಕಟ್ಟನ್ನು ಇರ್ವಿನ್ ಎಡಗೈಯಲ್ಲಿ ಸರಸರನೆ ತಿರುವಿ ನೋಡಿದ. ಹಾಳೆ ಮಗುಚಿದಂತೆ ಬಾತು ಗಾಲಿ ಕಟ್ಟಿದ ಹಾಗೆ ಜಾರಿಹೋಗುತ್ತಿತ್ತು.

"ಚೆನ್ನಾಗಿದೆ ಕಣೆ. ಆದ್ರೆ ಇದು ಬಾತಲ್ಲ, ಟ್ರಾಮು."

ಗಂಡಸರ ಸಾಲಿನಲ್ಲಿ ನಗು ಎದ್ದಿತು. ಹೆಸ್ಟರಳ ಕಿವಿ ಕೆಂಪಾಯಿತು. ಅವಳು ಹಾಳೆಗಳನ್ನೆಲ್ಲ ಬುಟ್ಟಿಗೆ ಹಾಕಿ, ಕೋಟು ತೊಟ್ಟು, ಇರ್ವಿನ್‌ನನ್ನು ಎಬ್ಬಿಸಿಕೊಂಡು ಹೊರಟಳು. ನಾನೂ ಊಟದ ಡಬ್ಬಿ ಹಿಡಿದು ಹಿಂದೆ ಹೋದೆ.

ಪಾರ್ಕಿನ ಕೊಳ ಕಲ್ಲಾಗಿತ್ತು. ಇರ್ವಿನ್ ಬೆಂಚಿನ ಮೇಲೆ ಕೂತ. ಹೆಸ್ಟರ್ ಎರಡೂ ಕೈ ಬೆನ್ನ ಹಿಂದೆ ರೆಕ್ಕೆಯಂತೆ ಚಾಚಿ, ಹೊಟ್ಟೆ ಮುಂದೆ ಮಾಡಿ, ಮಂಜುಗಡ್ಡೆಯ ಮೇಲೆ ನಡೆದಳು. ದಾದಿಯರು ಮಕ್ಕಳ ಗಾಡಿ ನಿಲ್ಲಿಸಿ ನೋಡಿದರು. ನಾಲ್ಕು ಹೆಜ್ಜೆಗೆ ಧೊಪ್ಪನೆ ಬಿದ್ದಳು.

"ಮೊದಲು ಜಾರಿದ್ದು ಯಾವುದು?" ಬೆಂಚಿನಿಂದ ಇರ್ವಿನ್ ಕೂಗಿದ.

"ಹಿಮ್ಮಡಿ."

"ಆಮೇಲೆ?"

"ಮರ್ಯಾದೆ."

"ಅದನ್ನೇ ಬರಿ, ಮಾರಾಯ್ತಿ."

ಅವಳು ಎದ್ದು ಮತ್ತೆ ನಡೆದಳು, ಮತ್ತೆ ಬಿದ್ದಳು. ಸ್ಕರ್ಟು ನೆಂದು ಕಾಲಿಗಂಟಿತು. ಸಾಕು ಬಾ ಎಂದು ನಾನು ಕರೆದರೂ ಬರಲಿಲ್ಲ. ಮೈಯ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಮೈಯಿಂದಲೇ ತಿಳಿಯಬೇಕಿತ್ತು.

ಶುಕ್ರವಾರ ಹಾಫ್ನರ್ ಹೊಸ ಕಟ್ಟು ತಿರುವಿದ. ಬಾತು ಕಾಲಿಡುವ ಮೊದಲು ಅನುಮಾನದಿಂದ ಕೆಳಗೆ ನೋಡಿತು, ಹಿಮ್ಮಡಿ ಜಾರಿತು, ಹೊಟ್ಟೆ ಮುಂದಕ್ಕೆ ಹೋಯಿತು, ಬಿದ್ದ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿತು. ಅವನು ನಗಲಿಲ್ಲ. ಮತ್ತೊಮ್ಮೆ ತಿರುವಿದ.

"ಕೊಕ್ಕು ಸ್ವಲ್ಪ ದಪ್ಪ ಮಾಡು," ಎಂದು ಹೋದ.

ಕೆಲವು ವಾರಗಳ ಮೇಲೆ ಚಿತ್ರ ತೆರೆಗೆ ಬಂದಾಗ ಚಿತ್ರಮಂದಿರದಲ್ಲಿ ನಾವು ಮೂವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪರದೆಯ ಮೇಲೆ ಹಾಫ್ನರನ ಹೆಸರೊಂದೇ ಬಂತು. ಕೊಳದ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕರು. ಹೆಸ್ಟರ್ ಮಾತ್ರ ಪರದೆ ನೋಡದೆ ನಗುತ್ತಿದ್ದವರ ಮುಖಗಳನ್ನೇ ನೋಡುತ್ತಿದ್ದಳು.

ಅದರ ಮುಂದಿನ ಸೋಮವಾರ ಅವಳು ನನ್ನ ಪಕ್ಕಕ್ಕೆ ಬರಲಿಲ್ಲ. ಗಂಡಸರ ಸಾಲಿನಲ್ಲಿ ಖಾಲಿಯಿದ್ದ ಮೇಜಿಗೆ ಹೋಗಿ ಪೆನ್ಸಿಲ್ ಚೂಪು ಮಾಡತೊಡಗಿದಳು.

"ನಿನಗೆ ಯಾರು ಹೇಳಿದ್ರು ಅಲ್ಲಿ ಕೂರೋಕೆ?" ಕೇಳಿದ ಹಾಫ್ನರ್.

"ಯಾರೂ ಹೇಳಲಿಲ್ಲ. ಮುಂದಿನ ಚಿತ್ರದಲ್ಲಿ ಯಾವ ಪ್ರಾಣಿ?"

ಕೋಣೆಯೆಲ್ಲ ತಲೆ ತಗ್ಗಿಸಿ ಕೆಲಸ ಮಾಡುವಂತೆ ನಟಿಸುತ್ತಿತ್ತು. ಕೊನೆಗೆ ಹಾಫ್ನರ್ ಬಿಳಿ ಹಾಳೆಯ ಕಟ್ಟೊಂದನ್ನು ಅವಳ ಮೇಜಿನ ಮೇಲಿಟ್ಟ.

"ಹಸು. ಹಗ್ಗದ ಮೇಲೆ ನಡೆಯುತ್ತೆ."