ಹೂ ಬಿಡದ ತಗಡು

“ಲೇ ಮುಂಡೆ, ಕೈ ಬಿದ್ದೋಗದಾ? ಬಿರ್ರನೆ ಉಜ್ಜು,” ಎಂದು ಮೇಸ್ತ್ರಿ ಹೊನ್ನಯ್ಯ ಬೈಯುವಾಗ ನಾನು ಆಸಿಡ್ ತೊಟ್ಟಿಯಿಂದ ತೆಗೆದ ಕಬ್ಬಿಣದ ತಗಡನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ತುಕ್ಕಿನ ಚುಕ್ಕೆ ಉಳಿದರೆ ಆ ಜಾಗಕ್ಕೆ ಸತುವು ಹಿಡಿಯುವುದಿಲ್ಲ. ನನ್ನ ಉಗುರುಗಳು ಸವೆದು ಹಳದಿಯಾಗಿದ್ದವು. ಪಕ್ಕದಲ್ಲಿ ಮಲ್ಲಿಗಮ್ಮ ಕೆಮ್ಮು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಮದ್ದೂರಿನ ಆ ಕಾರ್ಖಾನೆಯಲ್ಲಿ ಆಸಿಡ್ ತೊಟ್ಟಿಯ ಕೆಲಸ ನಮ್ಮ ಕೇರಿಯವರದು. ಕರಗಿದ ಸತುವಿನ ಕೊಪ್ಪರಿಗೆ ನಮ್ಮದಲ್ಲ. ಅದಕ್ಕೆ ಬೆಳಿಗ್ಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚುತ್ತಿದ್ದರು. ಅತ್ತ ನಮ್ಮ ನೆರಳೂ ಸುಳಿಯಬಾರದು. ನಾವು ತೊಳೆದಿಟ್ಟ ತಗಡನ್ನು ಊರೊಳಗಿನ ಮೇಲ್ಜಾತಿ ಆಳುಗಳು ಇಕ್ಕಳದಲ್ಲಿ ಹಿಡಿದು ಅದ್ದುತ್ತಿದ್ದರು. ಮೇಲೆದ್ದು ಆರುತ್ತಾ ಬಂದಂತೆ ಅದರ ಮೈತುಂಬ ಬೆಳ್ಳಿ ಹೂ ಅರಳುತ್ತಿದ್ದವು. ದೂರದಿಂದ ನೋಡಿದರೂ ಚೆಂದ.

ಆ ದಿನ ಇನ್ನೊಂದು ರಾಶಿ ಬಂತು. ಇದಕ್ಕೆ ಆಸಿಡ್ಡೂ ಬೇಡ, ಸತುವೂ ಬೇಡ, ತುಕ್ಕಿನ ಮೇಲೇ ಬೆಳ್ಳಿ ಬಣ್ಣ ಬಳಿಯಿರಿ ಎಂದರು. ಯಾರಿಗೆ ಎಂದು ಕೇಳಿದರೆ ಹೊನ್ನಯ್ಯ ನಕ್ಕ. ಶಿವಪುರದ ಹತ್ತಿರ ಸರ್ಕಾರ ನಮಗೆ ಕಟ್ಟಿಸುತ್ತಿದ್ದ ಮನೆಗಳಿಗಂತೆ. ಎಪ್ಪತ್ತೈದನೇ ಇಸವಿಯಲ್ಲಿ ಕಟ್ಟಿದ ಮೊದಲ ಸಾಲಿಗೂ ಇಂಥವೇ ಹೊದಿಸಿದ್ದರು. ಒಂದೇ ಮಳೆಗಾಲಕ್ಕೆ ತೂತುಬಿದ್ದು, ಉಣ್ಣುವ ತಣಿಗೆಗೆ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಆ ನೀರಿನ ವಿಷಯ ಮಂಡ್ಯದ ಡಿ.ಸಿ. ಸಾಹೇಬರಿಗೆ ನಾನೇ ಕಾಗದ ಬರೆದಿದ್ದೆ, ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ. ಹೆಸರು ಹಾಕಿದರೆ ಕೂಲಿ ಹೋಗುತ್ತದೆ ಎಂದಳು ಮಲ್ಲಿಗಮ್ಮ. ಹೆಸರಿಲ್ಲದ ಕಾಗದ ಯಾರೂ ಓದುವುದಿಲ್ಲ ಎಂದರು ಮೇಷ್ಟ್ರು. ಅಂಚೆಚೀಟಿ ಹಚ್ಚಿದ ಲಕೋಟೆಯ ಜೊತೆ ಅದು ನನ್ನ ಎಲೆಯಡಿಕೆ ಚೀಲದಲ್ಲೇ ಮುದುಡಿ ಕೂತಿತ್ತು.

ಯಜಮಾನರಾದ ಯೋಗಾನರಸಿಂಹಯ್ಯನವರು ಬಂದಾಗ ಎದ್ದು ಕೇಳಿದೆ.

“ಬುದ್ಧೀ, ಗುಡಿ ಅಡ್ಗೆಮನೆ ತಗಡ್ನ ಸತುವಿಗೆ ಅದ್ದುಸ್ತೀರಿ. ನಮ್ದೂವೆ ಒಂದ್ಸಲ ಅದ್ದುಸ್ಬುಡಿ. ನಾವೇ ಉಜ್ಕೊಡ್ತೀವಿ, ಕೂಲಿ ಬ್ಯಾಡ.”

ಅವರು ಸಿಟ್ಟಾಗಲಿಲ್ಲ. ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದರು.

“ನೀವು ಮುಟ್ಟಿದ ತಗಡು ಸತುವಲ್ಲಿ ಬೆಂದಮೇಲೆ ಮಡಿಯಾಗತ್ತೆ ಕಣೇ, ಅದಕ್ಕೇ ಗುಡಿಗೆ ಕೊಡೋದು. ನಿಮ್ಮಲ್ಲಿಗೇ ಬರೋದಕ್ಕೆ ಮಡಿ ಯಾಕೆ?”

ಕೊಪ್ಪರಿಗೆಯ ಆಳುಗಳು ನಕ್ಕರು. ಯಜಮಾನರು ಒಳಗೆ ಹೋದರು.

ನಾನು ಕೈಯಲ್ಲಿದ್ದ ಬಣ್ಣದ ಕುಂಚ ಇಟ್ಟು, ಚೀಲದಿಂದ ಕಾಗದ ತೆಗೆದು ತಗಡಿನ ಮೇಲೆ ಹರಡಿದೆ. ಸತುವಿನ ಬದಲು ಬಣ್ಣ ಬಳಿಯುವ ಸಂಗತಿಯನ್ನೂ ಬಣ್ಣದ ಡಬ್ಬಿಗೆ ಕಡ್ಡಿ ಅದ್ದಿ ಅದ್ದಿ ಕೆಳಗೆ ಸೇರಿಸಿದೆ. ಹೆಸರಿಗೆಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಅದೇ ಬೆಳ್ಳಿ ಬಣ್ಣದಿಂದ ‘ರೇವಮ್ಮ’ ಎಂದು ಬರೆದೆ.

“ಏನಮ್ಮೀ ಅದು?” ಎಂದ ಹೊನ್ನಯ್ಯ.

“ನಿಮ್ ಬಣ್ಣ ಎಂಗ್ ಇಡೀತದೆ ಅಂತ ನೋಡ್ತಾವ್ನಿ.”

ಮಲ್ಲಿಗಮ್ಮ ಬಾಯಿಂದ ಸೆರಗು ತೆಗೆದಳು. “ನನ್ ಎಸ್ರೂ ಬರಿಯಕ್ಕ,” ಎಂದಳು, ಮೆಲ್ಲಗೆ.

ಬರೆದೆ. ಇಬ್ಬರೂ ಎದ್ದು ಗೇಟು ದಾಟಿದೆವು. ನಾಳೆಯಿಂದ ಇತ್ತ ತಲೆ ಹಾಕಬೇಡಿ ಎಂದು ಹೊನ್ನಯ್ಯ ಹಿಂದಿನಿಂದ ಕೂಗುತ್ತಿದ್ದ. ರೈಲ್ವೆ ಸ್ಟೇಷನ್ನಿನ ಮುಂದಿದ್ದ ಅಂಚೆ ಡಬ್ಬದ ಬಾಯೊಳಗೆ ಲಕೋಟೆ ಬಿಟ್ಟೆ. ಡಬ್ಬದ ಕೆಂಪು ತುಟಿಗೆ ನನ್ನ ಬೆರಳಿನ ಬಣ್ಣ ಮೆತ್ತಿಕೊಂಡಿತು. ಒರೆಸಲಿಲ್ಲ.