ಒಂದು ಕಾಲು ನೆಲದ ಮೇಲೆ

ಬಾಗಿಲು ತಟ್ಟಿದ ಸದ್ದಾದಾಗ ಕಸಿ ಮೇಷ್ಟ್ರು ಹಡಗಿನ ಕೋಣೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಸಸಿಗಳಿಗೆ ಕಸಿ ಕಟ್ಟುವುದನ್ನು ಮೂವತ್ತು ವರ್ಷ ಸುತ್ತಲ ಊರವರಿಗೆಲ್ಲ ಹೇಳಿಕೊಟ್ಟಿದ್ದಕ್ಕೆ ಅಂಟಿಕೊಂಡ ಹೆಸರು ಅದು. ಬೀಜದ ಅಂಗಡಿಯ ಲಕ್ಕಿ ಡ್ರಾದಲ್ಲಿ ಇಬ್ಬರಿಗೆ ಹಡಗಿನ ಪ್ರವಾಸ ಬಂದಿತ್ತು. ಗಂಡ ಹೆಂಡತಿ ಪಾಸ್‌ಪೋರ್ಟ್ ಮಾಡಿಸಿದ್ದೇ ಆಗ.

ಬಾಗಿಲಲ್ಲಿ ನಿಂತವರು ಪ್ರಯಾಣಿಕರ ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿಣಿ.

"ನಿಮ್ಮ ಮನೆಯವರು ಇನ್ನೂ ಹತ್ತಿಲ್ಲ ಸರ್. ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕಿತ್ತು. ಕೆಳಗೆ ಕಾರ್ಡು ತೋರಿಸದೆ ಉಳಿದಿರೋರು ಅವರೊಬ್ಬರೇ."

"ಬರ್ತಾಳಮ್ಮ. ಟೈಮಿನ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ನನ್ನ ಜೀವ ತಿಂದಿರೋದೇ ಅದರಲ್ಲಿ."

"ಐದಕ್ಕೆ ಹಡಗು ಬಿಡುತ್ತೆ. ಅವರ ಪಾಸ್‌ಪೋರ್ಟ್ ಕೊಟ್ಟಿರಿ. ಬರದೇ ಹೋದ್ರೆ ದಡದಲ್ಲಿರೋ ನಮ್ಮ ಏಜೆಂಟರ ಕೈಗೆ ಕೊಟ್ಟು ಹೋಗ್ತೀವಿ."

ಹೋಗ್ತೀವಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರು ಎಣ್ಣೆಗೈಯನ್ನು ಟವೆಲ್ಲಿಗೆ ಒರೆಸಿಕೊಂಡರು.

ಹೆಂಡತಿ ಬೆಳಿಗ್ಗೆ ತಿಂಡಿ ಮುಗಿಸಿ ಒಬ್ಬಳೇ ಇಳಿದು ಹೋಗಿದ್ದಳು. ಅವಳು ದರ್ಜಿ. ಅವಳ ತಾಯಿಯ ಕಾಲದ ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸು ಸವೆದು ವರ್ಷವಾಗಿತ್ತು. ಈ ಬಂದರಿನ ಊರಲ್ಲಿ ಹಳೇ ಮೆಷಿನ್ನಿನ ಸಾಮಾನು ಸಿಗುತ್ತದೆಂದು ಊಟದ ಹಾಲಿನಲ್ಲಿ ಯಾರೋ ಹೇಳಿದ್ದರು. ಮಂಡಿ ಕೈಕೊಟ್ಟಿದ್ದರಿಂದ ಮೇಷ್ಟ್ರು ಹೋಗಲಿಲ್ಲ. ಇಬ್ಬರಿಗೂ ಇದ್ದ ಒಂದೇ ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. ಅವಳ ಕೊರಳಲ್ಲಿದ್ದದ್ದು ಹಡಗಿನ ಕಾರ್ಡು ಮಾತ್ರ. ಪಾಸ್‌ಪೋರ್ಟ್ ಕಳೆದುಕೊಂಡರೆ ದೊಡ್ಡ ಫಜೀತಿ, ಕೋಣೆಯಲ್ಲೇ ಇಟ್ಟು ಹೋಗಿ ಎಂದು ಮೊದಲ ದಿನವೇ ಹೇಳಿದ್ದರು. ಇಬ್ಬರ ಪಾಸ್‌ಪೋರ್ಟನ್ನೂ ಅವಳು ತಾನೇ ಹೊಲಿದ ಹಸಿರು ಚೀಲದಲ್ಲಿ ಹಾಕಿ, ಗುಂಡಿ ಬಿಗಿದು, ಕಪಾಟಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಳು.

"ಒಂದು ನಿಮಿಷ" ಎಂದು ಮೇಷ್ಟ್ರು ಬಾಗಿಲು ಮುಂದೆ ಮಾಡಿದರು. ಪೆಟ್ಟಿಗೆ ತೆಗೆದು ಹಸಿರು ಚೀಲವನ್ನು ಬನಿಯನ್ನಿನೊಳಗೆ ಸಿಕ್ಕಿಸಿಕೊಂಡು ಹೊರಬಂದರು.

"ಇಲ್ಲಿಲ್ಲ ಕಣಮ್ಮ. ಅವಳೇ ತಗೊಂಡು ಹೋಗಿರಬೇಕು."

ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಆದರೆ ಊರಿನಲ್ಲಿ ಸಂತೆಯ ಬಸ್ಸನ್ನು ಅವರು ಇಪ್ಪತ್ತೆಂಟು ವರ್ಷ ಹೀಗೆಯೇ ನಿಲ್ಲಿಸಿದ್ದರು. ಹೆಂಡತಿ ಸರಿಯಾದ ಹೊತ್ತಿಗೇ ಬರುವವಳು. ಬಸ್ಸೇ ಐದು ನಿಮಿಷ ಮೊದಲು ಬಂದುಬಿಡುತ್ತಿತ್ತು. ಮೇಷ್ಟ್ರು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಲ್ಲುತ್ತಿದ್ದರು. ಡ್ರೈವರು ಬೈಯುತ್ತಿದ್ದ, ಹಾರನ್ ಹೊಡೆಯುತ್ತಿದ್ದ, ಬಿಡುತ್ತಿರಲಿಲ್ಲ. ಒಬ್ಬ ಹೆಂಗಸಿನ ಪಾಸ್‌ಪೋರ್ಟ್ ಕೊಡದೆ ಹಡಗಾದರೂ ಹೇಗೆ ಬಿಟ್ಟಾರು?

ಲಿಫ್ಟು ಇಳಿದು, ದಡಕ್ಕೆ ಹಾಕಿದ್ದ ಹಲಗೆ ಸೇತುವೆಯ ಕೊನೆಗೆ ಹೋಗಿ ಅವರು ಹಾಗೆಯೇ ನಿಂತರು. ಒಂದು ಕಾಲು ಹಲಗೆಯ ಮೇಲೆ, ಒಂದು ಕಾಲು ಬಂದರಿನ ಕಾಂಕ್ರೀಟಿನ ಮೇಲೆ. ಕಾಲಲ್ಲಿ ಕೋಣೆಯೊಳಗೆ ಹಾಕುವ ರಬ್ಬರ್ ಚಪ್ಪಲಿ. ಕಣ್ಣು ದೂರದ ಗೋದಾಮುಗಳ ನಡುವಿನ ರಸ್ತೆಯ ಮೇಲೆ. ರಸ್ತೆ ಖಾಲಿಯಿತ್ತು.

ಹಗ್ಗ ಬಿಚ್ಚಲು ನಿಂತಿದ್ದ ನಾವಿಕ ನಕ್ಕ. "ಯಜಮಾನ್ರೇ, ಒಳಗಾದ್ರೂ ಇಡಿ, ಹೊರಗಾದ್ರೂ ಇಡಿ. ಇದೇನು ಸಂತೆ ಬಸ್ಸಾ?"

"ನನ್ನ ಹೆಂಡತಿ ಬರೋವರೆಗೂ ಕಾಲು ಇಲ್ಲೇ."

"ಮೇಲೆ ಮೂರು ಸಾವಿರ ಜನ ಇದಾರೆ. ಅವರಿಗೂ ಹೆಂಡತೀರು ಇದಾರೆ."

ಅಧಿಕಾರಿಣಿ ಓಡುತ್ತಲೇ ಇಳಿದು ಬಂದರು. ಮೇಷ್ಟ್ರ ಅಂಗಿಯ ಸಂದಿಯಿಂದ ಹಸಿರು ಬಟ್ಟೆಯ ಮೂಲೆ ಇಣುಕುತ್ತಿದ್ದುದನ್ನು ಕಂಡರು. ರೇಗಲಿಲ್ಲ. ರೇಗಿದ್ದರೆ ಮೇಷ್ಟ್ರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಸರ್, ನೀವು ಹಿಡಿದಿಟ್ಟುಕೊಂಡಿರೋದು ಹಡಗನ್ನಲ್ಲ, ಅವರನ್ನ. ಇವತ್ತು ಎಲ್ಲರೂ ವೀಸಾ ಇಲ್ಲದೆ ಇಳಿದದ್ದು ಹೇಗೆ ಗೊತ್ತಾ? ಹಡಗು ಇಲ್ಲಿರೋವರೆಗೆ ಅಂತ ಒಂದು ದಿನದ ಪರವಾನಗಿ. ಹಡಗು ಹೋದ ಕೂಡಲೆ ಅದೂ ಹೋಯ್ತು. ಆಮೇಲೆ ಯಾರಾದ್ರೂ ತಡೆದ್ರೆ, ನಾನು ಇಂಥವಳು, ಇಂಥ ದೇಶದವಳು ಅಂತ ತೋರಿಸೋಕೆ ಅವರ ಹತ್ರ ಏನಿದೆ?"

"ಕಾರ್ಡಿದೆಯಲ್ಲ."

"ಅದು ನಮ್ಮ ಕಾರ್ಡು. ಈ ಹಲಗೆ ಎತ್ತಿದ ಮೇಲೆ ಬರೀ ಪ್ಲಾಸ್ಟಿಕ್ಕು. ಪಾಸ್‌ಪೋರ್ಟೂ ಇಲ್ಲ ಅಂದ್ರೆ ಕೂಡಿ ಹಾಕ್ತಾರೆ ಸರ್. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ."

ಅವಳನ್ನು ಕಾಯಲೆಂದು ಬಚ್ಚಿಟ್ಟ ಚೀಲ ಮೇಷ್ಟ್ರ ಎದೆಗೆ ಕೆಂಡದ ಹಾಗೆ ತಗುಲಿತು. ಹೊರತೆಗೆದರು. ಗುಂಡಿ ಬಿಚ್ಚಲು ಬರಲಿಲ್ಲ. ಕೂದಲೆಳೆಯಷ್ಟು ಸೀಳಿನಲ್ಲಿ ಕಡ್ಡಿ ಕೂರಿಸುವ ಬೆರಳುಗಳು ಅವು. ಈಗ ಒಂದು ಗುಂಡಿಗೆ ಸೋತಿದ್ದವು. ಕೊನೆಗೆ ಅಧಿಕಾರಿಣಿಯೇ ಬಿಚ್ಚಿದರು. ತೆರೆದ ಪುಟದಲ್ಲಿ ಹೆಂಡತಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಫೋಟೋದವನು ನಗಬೇಡಿ ಅಂದಿದ್ದಕ್ಕೆ ಅವನ ಮೇಲೆ ಬಂದ ಸಿಟ್ಟು ಅದು.

ಹಡಗು ಒಮ್ಮೆ ಕೂಗಿತು. ಕಾಲ ಕೆಳಗಿನ ಹಲಗೆ ಅದುರಿತು.

"ನನ್ನದೂ ಕೊಡಿ" ಎಂದರು ಮೇಷ್ಟ್ರು. "ನಾನೂ ಇಳೀತೀನಿ."

"ನೀವು ಇಳಿದ್ರೆ ನಿಮ್ಮದೂ ಅದೇ ಗತಿ ಸರ್. ವೀಸಾ ನಿಮಗೂ ಇಲ್ಲ. ನಮ್ಮ ಏಜೆಂಟ್ ಜೊತೆಗಿರ್ತಾರೆ, ಆದ್ರೆ ಪೊಲೀಸರು ಏನಂತಾರೋ ಹೇಳೋಕಾಗಲ್ಲ."

"ಅದೇ ಗತಿ ಅಂದ್ರೆ ಇಬ್ಬರೂ ಒಂದೇ ಕಡೆ ತಾನೇ ಮಗಳೇ?"

ಅಧಿಕಾರಿಣಿ, ಸ್ವಂತ ಇಷ್ಟದಿಂದ ಇಳಿಯುತ್ತಿದ್ದೇನೆಂದು ಬರೆದಿದ್ದ ಕಾಗದ ಮುಂದೆ ಹಿಡಿದರು. ಮೇಷ್ಟ್ರು ಓದದೆ ಸಹಿ ಹಾಕಿ, ಎರಡೂ ಪಾಸ್‌ಪೋರ್ಟ್ ಇದ್ದ ಚೀಲ ವಾಪಸು ಇಸಿದುಕೊಂಡು, ಹಲಗೆಯ ಮೇಲಿದ್ದ ಕಾಲನ್ನೂ ನೆಲಕ್ಕಿಟ್ಟರು.

ಹಲಗೆ ಎತ್ತಿದರು. ಹಡಗು ದಡ ಬಿಟ್ಟಿದ್ದೇ ತಿಳಿಯಲಿಲ್ಲ. ನಡುವೆ ಒಂದು ಮೊಳ ನೀರು ಕಂಡಿತು, ಆಮೇಲೆ ಒಂದು ಬಾವಿಯಷ್ಟು, ಆಮೇಲೆ ಒಂದು ಕೆರೆಯಷ್ಟು.

ಪಕ್ಕದಲ್ಲಿ ನಿಂತಿದ್ದ ಏಜೆಂಟು ದಪ್ಪ ಮೀಸೆಯ ಮನುಷ್ಯ. ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಮೇಷ್ಟ್ರು ಗೋದಾಮಿನ ಗೋಡೆಯ ದೊಡ್ಡ ಗಡಿಯಾರ ನೋಡಿದರು. ನಾಲ್ಕು ಗಂಟೆ ಹತ್ತು ನಿಮಿಷ.

"ನಿಂತು ಹೋಗಿದೆಯಲ್ಲ ಇದು."

"ನಿಂತಿಲ್ಲ ಯಜಮಾನ್ರೇ. ಇಲ್ಲಿಯ ಟೈಮು ಅದೇ. ನಿಮ್ಮ ಹಡಗಿನವರು ಒಂದು ಗಂಟೆ ಮುಂದೆ ಇಟ್ಕೊಂಡಿರ್ತಾರೆ. ಹೇಳಿರಲಿಲ್ವಾ?"

ಹೇಳಿರಬಹುದು. ಆದರೆ ಹೆಂಡತಿ ಎಲ್ಲಿಗೆ ಹೋದರೂ ಅಲ್ಲಿನ ಗೋಡೆ ಗಡಿಯಾರ ನೋಡಿ ಕೈಗಡಿಯಾರ ತಿರುಗಿಸುವವಳು. ಹಾಗಾದರೆ ಅವಳಿಗೆ ಏನೂ ಆಗಿಲ್ಲ. ಈಗ ಬರುತ್ತಾಳೆ. ಒಂದು ಗಳಿಗೆ ಮೇಷ್ಟ್ರ ಉಸಿರು ಹಗುರಾಯಿತು. ಮರುಗಳಿಗೆಯೇ ಹೊಳೆಯಿತು. ಬಂದರಿನ ಗೇಟು! ಗೇಟಿನಲ್ಲಿ ಆ ಕಾರ್ಡನ್ನೇ ತೋರಿಸುತ್ತಾಳೆ.

ಮಂಡಿ ಇದೆಯೆಂಬುದನ್ನೇ ಮರೆತು ಅವರು ನಡೆದರು. ಮೀಸೆಯವನು "ನಿಲ್ಲಿ, ವ್ಯಾನಿದೆ" ಎಂದು ಕೂಗುತ್ತ ಹಿಂದೆ ಬಂದ. ಒಂದು ಚಪ್ಪಲಿ ಕಳಚಿತು. ಎತ್ತಿಕೊಳ್ಳಲಿಲ್ಲ.

ದೂರದಿಂದಲೇ ಕಂಡಳು. ಗೇಟಿನ ಕಂಬಿಯ ಆಚೆ, ಇಬ್ಬರು ಕಾವಲಿನವರ ನಡುವೆ. ಒಬ್ಬನ ಕೈಯಲ್ಲಿ ಅವಳ ಕಾರ್ಡು.

"ಪಾಸ್‌ಪೋರ್ಟ್ ಎಲ್ಲಮ್ಮ?"

"ಹಡಗಲ್ಲಿದೆ ಅಂದ್ನಲ್ಲಪ್ಪ."

"ಹಡಗು ಎಲ್ಲಿದೆ?"

ಅವಳು ಅವನ ಹೆಗಲಾಚೆ ನೋಡಿದಳು. ಬೆಳಿಗ್ಗೆ ಹಡಗು ಗೋಡೆಯಂತೆ ನಿಂತಿದ್ದ ಜಾಗದಲ್ಲಿ ಬರೀ ಆಕಾಶವಿತ್ತು. ಅವಳ ಮುಖದ ಬಣ್ಣ ಇಳಿದದ್ದು ಮೇಷ್ಟ್ರಿಗೆ ಅಷ್ಟು ದೂರದಿಂದಲೂ ಕಂಡಿತು. ಕಾವಲಿನವನು ಅವಳ ತೋಳು ಹಿಡಿದ.

"ಇಲ್ಲಿದೆ! ಅವಳದು ಇಲ್ಲಿದೆ!" ಮೇಷ್ಟ್ರು ಹಸಿರು ಚೀಲ ಎತ್ತಿ ಹಿಡಿದು ಕೂಗಿದರು.

ಕಾವಲಿನವನು ತೋಳು ಬಿಟ್ಟ. ಪುಸ್ತಕ ತೆರೆದು ಫೋಟೋ ನೋಡಿದ, ಅವಳನ್ನು ನೋಡಿದ, ಮತ್ತೆ ಫೋಟೋ ನೋಡಿದ. ಈಗಲೂ ಅದೇ ಹುಬ್ಬು. ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಗೋಡೆ ಬದಿಯ ಬೆಂಚು ತೋರಿಸಿದ. "ಸಾಹೇಬರು ಬರ್ಲಿ. ಅಲ್ಲೀವರೆಗೆ ಇಲ್ಲಿಂದ ಏಳಬೇಡಿ." ಏಜೆಂಟು ಅವನೊಡನೆ ಒಳಗೆ ಹೋದ.

ಇಬ್ಬರೂ ಕೂತರು. ಅವಳ ಮುಷ್ಟಿಯಲ್ಲಿ ಕಾಗದ ಸುತ್ತಿದ ಬಾಬಿನ್ ಕೇಸು ಇನ್ನೂ ಹಾಗೇ ಇತ್ತು.

"ನಾನು ಹತ್ತು ನಿಮಿಷ ಮೊದಲೇ ಬಂದೀನ್ರೀ" ಎಂದಳು.

"ಗೊತ್ತು."

"ನೀವ್ಯಾಕೆ ಇಳಿದ್ರಿ? ಒಬ್ಬರಾದ್ರೂ ಮನೆ ಸೇರ್ತಿದ್ರಿ."

"ನಿಲ್ಸೋಣ ಅಂತ ಕಾಲಿಟ್ಟೆ. ನಿಲ್ಲಲಿಲ್ಲ."

ಅವಳು ಅವರ ಬರಿಗಾಲು ನೋಡಿದಳು. ಒಳಗೆ ಯಾರೋ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಅವಳ ಕೈ ಅವರ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮೇಷ್ಟ್ರು ಆ ಕೈಯ ಮೇಲೆ ತಮ್ಮ ಕೈ ಇಟ್ಟರು.