ಬಾಯಿಪಾಠದ ಚಿತ್ರಗಳು

ಕಮಲಾಪುರ ಬಿಟ್ಟ ಬಸ್ಸಿನಲ್ಲಿ ದಿಲ್ಶಾದ್ ಬೇಗಂ ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಛತ್ರಿ, ಕತ್ತರಿ, ಲಾಟೀನು, ಬಾತುಕೋಳಿ... ಮದರಸಾದಲ್ಲಿ ಸಬಕ್ ಒಪ್ಪಿಸುವವಳಂತೆ ಅಫ್ಶೀನ್ ಮೈ ತೂಗುತ್ತ ಹೇಳಿದಳು.

ತಲೆಯಲ್ಲಿ ನೀರು ತುಂಬುವ ಕಾಯಿಲೆಯ ಮಗು. ಕೂಸಿದ್ದಾಗಲೇ ತಲೆಯಿಂದ ಹೊಟ್ಟೆಗೆ ನಳಿಗೆ ಹಾಕಿದ್ದರು. ಮಾತು ಹರಳು ಹುರಿದಂತೆ. ಆದರೆ ಹೋದ ವರ್ಷ ಕ್ಲಿನಿಕ್ಕಿನ ಬುದ್ಧಿ ಪರೀಕ್ಷೆಯಲ್ಲಿ ಒಂದು ಚಿತ್ರವನ್ನೂ ಗುರುತಿಸಲಿಲ್ಲ. "ಈ ಸಲಾನೂ ಬುದ್ಧಿ ಇಲ್ಲಂತ ಬಂದ್ರ ನಮ್ಮ ಸಾಲ್ಯಾಗ ಇಟ್ಕೊಳಂಗಿಲ್ಲ" ಎಂದಿದ್ದ ಹೆಡ್ ಮಾಸ್ತರ ದೌಲಪ್ಪ. ಆ ಪರೀಕ್ಷೆಯ ದಿನ ಪಕ್ಕದಲ್ಲಿ ಕೂತಿದ್ದ ತಾಯಿ ಚಿತ್ರಗಳ ಸಾಲನ್ನು ನೆನಪಿಟ್ಟು ಮಗಳಿಗೆ ಬಾಯಿಪಾಠ ಮಾಡಿಸಿದ್ದಳು.

ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿನಲ್ಲಿ ಮನಶ್ಶಾಸ್ತ್ರಜ್ಞೆ ವಿದ್ಯಾವತಿ ಪುಸ್ತಕ ತೆರೆದಳು.

"ಇದೇನವ್ವಾ?"

"ಛತ್ರಿ."

"ಇದು?"

"ಕತ್ತರಿ."

ಹುಡುಗಿಯ ಕಣ್ಣು ಪುಟದ ಮೇಲಿರಲಿಲ್ಲ. ವಿದ್ಯಾವತಿ ಒಂದಷ್ಟು ಪುಟಗಳನ್ನು ಒಮ್ಮೆಗೇ ಮಗುಚಿದಳು.

"ಇದು?"

"ಲಾಟೀನು."

ಪುಟದಲ್ಲಿ ಕುದುರೆ ಇತ್ತು.

"ಯಾರವ್ವಾ ಕಲಿಸಿದ್ದು?"

"ಅಮ್ಮಿ. ಇನ್ನೂ ಭಾಳ ಅದಾವ್ರೀ. ಪೂರಾ ಹೇಳ್ಲೇನ್ರೀ?"

ದಿಲ್ಶಾದ್ ಧಡಕ್ಕನೆ ಎದ್ದಳು. "ತಪ್ಪು ನಂದ್ರೀ ಮೇಡಂ. ಆಕಿಗಿ ಫೇಲ್ ಬರಿಬ್ಯಾಡ್ರಿ!"

"ಕೂಡ್ರಿ. ಆಕಿ ಹೇಳ್ಲಿ."

ಅಫ್ಶೀನ್ ಎಲ್ಲೂ ತಡವರಿಸದೆ ಕೊನೆಯವರೆಗೂ ಒಪ್ಪಿಸಿದಳು. ವಿದ್ಯಾವತಿ ಬೀಗದ ಕೈಯ ಚಿತ್ರ ತೋರಿಸಿದಳು. ಹುಡುಗಿ ಗುರುತಿಸದೆ ಪುಟವನ್ನು ಬೆರಳಿಂದ ಸವರಿದಳು. ವಿದ್ಯಾವತಿ ತನ್ನ ಬೀಗದ ಕೈಗಳ ಗೊಂಚಲನ್ನೇ ಅವಳ ಅಂಗೈಗೆ ಹಾಕಿದಳು.

"ಚಾವಿ!"

"ನೋಡ್ರಿ, ಕಣ್ಣು ಕಾಣ್ತಾವ. ಕಂಡಿದ್ದನ್ನ ಮಿದುಳು ಜೋಡಿಸಂಗಿಲ್ಲ. ಕೇಳಿದ್ದು, ಮುಟ್ಟಿದ್ದು ಎಲ್ಲಾ ತಿಳೀತದ. ನಿಮ್ಮ ಬಾಯಿಪಾಠ ನಾ ನಂಬಿದ್ರ, ಎಲ್ಲಾ ಸರಿ ಅದ ಅಂತ ಬರೀತಿದ್ದೆ; ಆಕಿ ಸಾಲ್ಯಾಗ ಹಲಗಿ ಮುಂದ ಸುಮ್ನ ಕೂತು ಬಡಿಸ್ಕೋತಿದ್ಳು."

"ಹಂಗಂದ್ರ ಪಾಸೋ ಫೇಲೋ? ಮಾಸ್ತರ ಅದನ್ನೇ ಕೇಳ್ತಾರ."

"ಎರಡೂ ಅಲ್ಲ. ಹಲಗಿ ಮ್ಯಾಲಿಂದು ಮಾಸ್ತರು ಗಟ್ಟಿಯಾಗಿ ಓದ್ಬೇಕು, ಅಷ್ಟೇ."

ಮರುದಿನ ದಿಲ್ಶಾದ್ ವಿಷಯ ಹೇಳಿ ಕೊಟ್ಟ ವರದಿಯನ್ನು ದೌಲಪ್ಪ ಬಿಡಿಸಲೂ ಇಲ್ಲ. "ಒಬ್ಬಾಕಿ ಸಲುವಾಗಿ ಯಾರು ಓದ್ತಾರಬೇ? ಟೈಮ್ ಎಲ್ಲದ?"

ಒಂದೇ ಮಾತಿಗೆ ಮಗುವನ್ನು ಹೊರಗಟ್ಟಲು ಮಾತ್ರ ಪುರುಸೊತ್ತಿದ್ದ ಶಾಲೆ ಅದು.

ದಿಲ್ಶಾದ್ ಅವನು ಪಾಠ ಮಾಡುತ್ತಿದ್ದ ತರಗತಿಯ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಓದೂತನ ನಾ ಏಳಂಗಿಲ್ಲ. ದಾಟಿ ಹೋಗ್ರಿ ನೋಡಮು."

ಮಕ್ಕಳು ಕಿಸಕ್ಕೆಂದರು. ದೌಲಪ್ಪ ಒಮ್ಮೆ ಬಾಗಿಲನ್ನು, ಒಮ್ಮೆ ಹಲಗೆಯನ್ನು ನೋಡಿದ. ಹಲ್ಲು ಕಚ್ಚಿಕೊಂಡೇ ಮೊದಲ ಸಾಲು ಓದಿದ.

ಹಿಂದಿನ ಬೆಂಚಿನಲ್ಲಿ ಅಫ್ಶೀನಳ ಮೈ ತೂಗತೊಡಗಿತು.